ಫೋಟೊ ಜೊತೆಗೊಂದು ಚೀಟಿ: ಕಾರ್ಖಾನೆ ಮಕ್ಕಳ ಲೆಕ್ಕ ಇಟ್ಟ ಲೂಯಿಸ್ ಹೈನ್

ಬೆಳಗ್ಗೆ ಆರೂವರೆ ಹೊತ್ತಿಗೆ ಮದ್ದೂರಿನ ಹೆದ್ದಾರಿ ಬದಿ ನಿಂತರೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ವ್ಯಾನುಗಳು ಒಂದರ ಹಿಂದೊಂದು ಕಾಣಿಸುತ್ತವೆ. ಮಳವಳ್ಳಿ ಕಡೆಯಿಂದ, ಕೆ.ಎಂ. ದೊಡ್ಡಿ ಕಡೆಯಿಂದ, ಮಂಡ್ಯದ ಸುತ್ತಲ ಹಳ್ಳಿಗಳಿಂದ ಹೊರಟವರು. ಕೈಯಲ್ಲಿ ಊಟದ ಬ್ಯಾಗು, ಕೊರಳಲ್ಲಿ ಐಡಿ ಕಾರ್ಡು, ಮುಡಿಯಲ್ಲಿ ಒಂದು ತುಂಡು ಕನಕಾಂಬರ. ಮನೆಯಲ್ಲಿ ಅಡುಗೆ ಮುಗಿಸಿ, ಹಸುಗೆ ಹುಲ್ಲು ಹಾಕಿ, ಮಕ್ಕಳನ್ನು ಎಬ್ಬಿಸಿ ಬಂದಿರುತ್ತಾರೆ. ಇನ್ನು ಮಿಷಿನ್ ಮುಂದೆ ಕೂತರೆ ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ ಮುಟ್ಟಿಸಬೇಕು.

ಅಲ್ಲಿ ಒಮ್ಮೆ ನಾನೊಂದು ಫೋಟೊ ತೆಗೆದಿದ್ದೆ. ವ್ಯಾನಿನ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದ ಒಬ್ಬ ಅಕ್ಕ. ಮನೆಗೆ ಬಂದು ಫೋನಿನಲ್ಲೇ ಬಣ್ಣ ತೆಗೆದೆ. ಕಾಂಟ್ರಾಸ್ಟ್ ಏರಿಸಿದೆ, ಕೆನ್ನೆಯ ಗೆರೆಗಳು ಎದ್ದು ಕಾಣುವ ಹಾಗೆ ಮಾಡಿದೆ, ಹಳೇ ಫಿಲ್ಮಿನ ಕಾಳುಕಾಳು ಗುರುತನ್ನೂ ಸೇರಿಸಿದೆ. ಕಾರ್ಮಿಕರ ದಿನದಂದು ಹಾಕಿದಾಗ ಲೈಕುಗಳು ಚೆನ್ನಾಗೇ ಬಂದವು. ವಾರದ ನಂತರ ಆ ಅಕ್ಕನಿಗೂ ಯಾರೋ ತೋರಿಸಿದ್ದರು. ಸಿಕ್ಕಾಗ ಅವರು ಬೈಯಲಿಲ್ಲ. ತನ್ನ ಹೂವಿನ ಬಣ್ಣ ಎಲ್ಲಿ ಹೋಯ್ತು ಅಂತ ಕೇಳಿದರು, ಬದುಕಿರುವಾಗಲೇ ತಿಥಿ ಮಾಡಿಬಿಟ್ಟೆಯಲ್ಲ ಅಂತ ನಕ್ಕರು. ನಮ್ಮ ಕಡೆ ಕಪ್ಪು-ಬಿಳುಪು ಫೋಟೊ ಅಂದರೆ ಗೋಡೆ ಮೇಲೆ ಹಾರ ಹಾಕಿಸಿಕೊಂಡವರದ್ದೇ ಅಲ್ಲವೇ. ಆಮೇಲೆ ದನಿ ತಗ್ಗಿಸಿ, ಐಡಿ ಕಾರ್ಡ್ ಕಾಣ್ತಿದೆ, ಸೂಪರ್‌ವೈಸರ್ ಕಣ್ಣಿಗೆ ಬಿದ್ದರೆ ಕಷ್ಟ ಅಂದರು. ನಾನು ಫೋಟೊ ಅಳಿಸಿದೆ. ಅವತ್ತು ಹೊಳೆದದ್ದು ಇಷ್ಟು: ಅವರ ಮುಖವನ್ನು ಸಾವಿರ ಜನಕ್ಕೆ ತೋರಿಸಿದ ನಾನು ಅವರ ಹೆಸರನ್ನೇ ಕೇಳಿರಲಿಲ್ಲ. ಸಂಬಳ ಎಷ್ಟು, ಎಷ್ಟು ಗಂಟೆ ಕೆಲಸ ಅನ್ನೋದೂ ನನಗೆ ಗೊತ್ತಿರಲಿಲ್ಲ.

ಕಾರ್ಮಿಕರ ಫೋಟೊವನ್ನು ಕಪ್ಪು-ಬಿಳುಪು ಮಾಡುವ ಚಾಳಿ ನಮಗೆಲ್ಲ ಬಂದದ್ದು ಎಲ್ಲಿಂದ ಅಂತ ಹುಡುಕುತ್ತಾ ಹೋದರೆ ಮುಖ್ಯವಾಗಿ ಒಬ್ಬ ಮನುಷ್ಯನ ಹತ್ತಿರ ಹೋಗಿ ನಿಲ್ಲುತ್ತೇವೆ. ಅವನು ಲೂಯಿಸ್ ಹೈನ್. ಮಗ್ಗದ ಸಾಲಿನ ನಡುವೆ ನಿಂತ ಪುಟ್ಟ ಹುಡುಗಿ, ಮುಖಕ್ಕೆಲ್ಲ ಕಲ್ಲಿದ್ದಲಿನ ಮಸಿ ಮೆತ್ತಿಕೊಂಡ ಹುಡುಗರು, ಮುಗಿಲೆತ್ತರದ ಕಟ್ಟಡದ ತೊಲೆ ಮೇಲೆ ದುಡಿಯುತ್ತಿರುವ ಆಳುಗಳು. ಅವನ ಹೆಸರು ಕೇಳದವರೂ ಈ ಚಿತ್ರಗಳನ್ನು ಎಲ್ಲೋ ನೋಡಿರುತ್ತಾರೆ. ಆದರೆ ನಾವು ಅವನಿಂದ ಕಲಿತದ್ದು ಅರ್ಧ ಪಾಠ ಮಾತ್ರ. ಅವನ ಚಿತ್ರದ ಬಣ್ಣವನ್ನು ತಗೊಂಡೆವು, ಚಿತ್ರದ ಜೊತೆಗಿದ್ದ ಚೀಟಿಯನ್ನು ಬಿಟ್ಟೆವು.

ಕಾರ್ಖಾನೆಯಿಂದ ಶಾಲೆಗೆ, ಶಾಲೆಯಿಂದ ಕ್ಯಾಮೆರಾಕ್ಕೆ

ಹೈನ್ ಹುಟ್ಟಿದ್ದು 1874ರ ಸೆಪ್ಟೆಂಬರ್ 26ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಓಶ್‌ಕಾಶ್ ಎಂಬ ಸಣ್ಣ ಪಟ್ಟಣದಲ್ಲಿ. 1892ರಲ್ಲಿ ಅಪ್ಪ ಅಪಘಾತದಲ್ಲಿ ತೀರಿಕೊಂಡಾಗ ಮನೆಯ ಹೊಣೆ ಹುಡುಗನ ಹೆಗಲಿಗೆ ಬಿತ್ತು. ಕುರ್ಚಿ, ಸೋಫಾಗಳಿಗೆ ಮೆತ್ತೆ ಹೊಲಿಯುವ ಕಾರ್ಖಾನೆಗೆ ಸೇರಿದ. ದಿನಕ್ಕೆ 13 ಗಂಟೆ, ವಾರಕ್ಕೆ ಆರು ದಿನ, ವಾರದ ಕೂಲಿ ನಾಲ್ಕು ಡಾಲರ್. ಆ ಕೆಲಸವೂ ಉಳಿಯಲಿಲ್ಲ. ಸೌದೆ ಒಡೆಯೋದು, ಅಂಗಡಿ ಸಾಮಾನು ಮನೆಮನೆಗೆ ಮುಟ್ಟಿಸೋದು, ಬ್ಯಾಂಕಿನಲ್ಲಿ ಕಸ ಗುಡಿಸೋದು, ಹೀಗೆ ಸಿಕ್ಕಿದ್ದನ್ನು ಮಾಡಿದ. ಮುಂದೆ ಅವನು ಕಾರ್ಖಾನೆಯೊಳಗೆ ಕ್ಯಾಮೆರಾ ಹಿಡಿದು ಹೋದಾಗ ಅಲ್ಲಿನ ದಣಿವು ಅವನಿಗೆ ಹೊಸದೇನೂ ಆಗಿರಲಿಲ್ಲ.

ಅವನನ್ನು ಅಲ್ಲಿಂದ ಮೇಲೆತ್ತಿದ್ದು ಓದು, ಮತ್ತು ಒಬ್ಬ ಮೇಷ್ಟ್ರು. ಫ್ರ್ಯಾಂಕ್ ಮ್ಯಾನಿ ಎಂಬ ಅಧ್ಯಾಪಕರು ಹುಡುಗನ ಆಸಕ್ತಿ ಗುರುತಿಸಿ ಶಿಕ್ಷಕನಾಗುವ ದಾರಿಗೆ ಹಚ್ಚಿದರು. ಹೈನ್ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ಓದಿದ. 1901ರಲ್ಲಿ ಮ್ಯಾನಿ ನ್ಯೂಯಾರ್ಕಿನ ಎಥಿಕಲ್ ಕಲ್ಚರ್ ಶಾಲೆಯ ಮುಖ್ಯಸ್ಥರಾದಾಗ ಶಿಷ್ಯನನ್ನೂ ಕರೆಸಿಕೊಂಡರು. ಹೈನ್ ಅಲ್ಲಿ ಭೂಗೋಳ ಮತ್ತು ಪ್ರಕೃತಿ ಪಾಠ ಹೇಳುತ್ತಿದ್ದ. 1903ರ ಸುಮಾರಿಗೆ ಅವನ ಕೈಗೆ ಕ್ಯಾಮೆರಾ ಕೊಟ್ಟವರೂ ಮ್ಯಾನಿಯವರೇ. ಆಗ ಅವನಿಗೆ ಹತ್ತಿರ ಹತ್ತಿರ ಮೂವತ್ತು ವರ್ಷ. ಅಂದರೆ ಕ್ಯಾಮೆರಾ ಅವನಿಗೆ ಮೊದಲು ಒಂದು ಪಾಠೋಪಕರಣವಾಗಿ ಸಿಕ್ಕಿತು. ಕಪ್ಪುಹಲಗೆ, ಭೂಪಟ ಇದ್ದ ಹಾಗೆ ಅದೂ ಒಂದು. ಕಡೆತನಕ ಅವನು ಅದನ್ನು ಹಾಗೇ ಬಳಸಿದ.

ಮೊದಲ ದೊಡ್ಡ ಕೆಲಸ ಎಲ್ಲಿಸ್ ದ್ವೀಪದಲ್ಲಿ. ಯುರೋಪಿನಿಂದ ಹಡಗಿನಲ್ಲಿ ಬಂದಿಳಿಯುವ ವಲಸಿಗರನ್ನು ಅಲ್ಲಿ ತಪಾಸಣೆ ಮಾಡಿ ಒಳಗೆ ಬಿಡುತ್ತಿದ್ದರು. ಹೊಸಬರನ್ನು ಕಂಡರೆ ಕೊಳಕರು, ಕಳ್ಳರು ಅಂತ ಪತ್ರಿಕೆಗಳೂ ರಾಜಕಾರಣಿಗಳೂ ಬೈಯುತ್ತಿದ್ದ ಕಾಲ ಅದು. ಈ ಮಾತನ್ನು ನಾವು ಇವತ್ತೂ ಬೇರೆ ಬೇರೆ ಜನರ ಬಗ್ಗೆ ಕೇಳುತ್ತಲೇ ಇದ್ದೇವೆ. ಹೈನ್ 1904ರಿಂದ ಆ ಜನರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ, ಕಣ್ಣಿನ ಮಟ್ಟದಲ್ಲಿ ಕ್ಯಾಮೆರಾ ಇಟ್ಟು ತೆಗೆದ. ಭಾಷೆ ಬರದ ತಾಯಿ, ಮೂಟೆ ಹೊತ್ತ ಅಪ್ಪ, ಬೆಂಚಿನ ಮೇಲೆ ನಿದ್ದೆ ಹೋದ ಮಕ್ಕಳು. ಗುಂಪಾಗಿ ಕಂಡರೆ ಹೆದರಿಕೆ ಹುಟ್ಟಿಸುವವರು ಒಬ್ಬೊಬ್ಬರಾಗಿ ಕಂಡರೆ ನಮ್ಮ ಹಾಗೇ ಇರುತ್ತಾರೆ ಅನ್ನೋದು ಅವನ ತರಗತಿಯ ಪಾಠವಾಗಿತ್ತು.

1907-08ರಲ್ಲಿ ಪಿಟ್ಸ್‌ಬರ್ಗ್‌ನ ಉಕ್ಕಿನ ಕಾರ್ಮಿಕರ ಬದುಕನ್ನು ಅಳೆದ ದೊಡ್ಡ ಸಮೀಕ್ಷೆಗೆ ಅವನು ಚಿತ್ರ ತೆಗೆದುಕೊಟ್ಟ. ಅಲ್ಲಿ ಸಮಾಜಶಾಸ್ತ್ರಜ್ಞರ ಜೊತೆ ಓಡಾಡಿದ ಮೇಲೆ ಒಂದು ಅಭ್ಯಾಸ ಗಟ್ಟಿಯಾಯಿತು. ಚಿತ್ರ ಒಂಟಿಯಾಗಿ ಹೋಗಬಾರದು, ಅದರ ಜೊತೆ ಲೆಕ್ಕ ಹೋಗಬೇಕು.

ಕೋಟಿನ ಗುಂಡಿಯೇ ಅಳತೆಪಟ್ಟಿ

ಆಗ ಅಮೆರಿಕದಲ್ಲಿ ಎಷ್ಟು ಮಕ್ಕಳು ದುಡಿಯುತ್ತಿದ್ದರು? 1900ರ ಜನಗಣತಿ ಪ್ರಕಾರ 10ರಿಂದ 15 ವಯಸ್ಸಿನವರೇ ಸುಮಾರು 17.5 ಲಕ್ಷ. ಹತ್ತು ವರ್ಷಕ್ಕಿಂತ ಸಣ್ಣವರನ್ನು ಅದರಲ್ಲಿ ಲೆಕ್ಕಕ್ಕೇ ತಗೊಂಡಿರಲಿಲ್ಲ. ಹತ್ತಿ ಮಿಲ್ಲು, ಗಾಜಿನ ಕಾರ್ಖಾನೆ, ಕಲ್ಲಿದ್ದಲ ಗಣಿ, ಮೀನು ಡಬ್ಬಿಗೆ ತುಂಬುವ ಶೆಡ್ಡು, ಬೀಟ್ ಹೊಲ, ಎಲ್ಲ ಕಡೆ ಮಕ್ಕಳಿದ್ದರು. ಮಾಲೀಕರ ವಾದ ನಮಗೂ ಚೆನ್ನಾಗಿ ಗೊತ್ತಿರುವಂಥದ್ದೇ. ಮಕ್ಕಳು ಅಪ್ಪ ಅಮ್ಮನಿಗೆ ಊಟ ಕೊಡಲು ಬಂದಿದ್ದಾರೆ. ಸುಮ್ಮನೆ ಕೈ ಆಡಿಸುತ್ತಾರೆ. ಬಡವರ ಮನೆಗೆ ನಾಲ್ಕು ಕಾಸು ಆಗುತ್ತೆ, ನಿಮಗೇನು ಕಷ್ಟ?

ಈ ವಾದಕ್ಕೆ ಉತ್ತರ ಕೊಡಲು 1904ರಲ್ಲಿ ಹುಟ್ಟಿದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗೆ ಪುರಾವೆ ಬೇಕಿತ್ತು. 1908ರಲ್ಲಿ ಹೈನ್ ಮೇಷ್ಟ್ರ ಕೆಲಸ ಬಿಟ್ಟು ಸಮಿತಿಯ ಪೂರ್ಣಾವಧಿ ಛಾಯಾಗ್ರಾಹಕನಾದ. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 5,000 ಚಿತ್ರ ತೆಗೆದ.

ಕೆಲಸ ಸುಲಭದ್ದಾಗಿರಲಿಲ್ಲ. ಪೆಟ್ಟಿಗೆಯಂಥ ಕ್ಯಾಮೆರಾ, ಗಾಜಿನ ಪ್ಲೇಟುಗಳು, ಕಾಲುಮಣೆಯಂತೆ ನಿಲ್ಲಿಸುವ ಸ್ಟ್ಯಾಂಡು, ಕತ್ತಲಲ್ಲಿ ಬೆಳಕು ಮಾಡಲು ಭಗ್ಗನೆ ಉರಿಯುವ ಮೆಗ್ನೀಷಿಯಂ ಪುಡಿ. ಇಷ್ಟನ್ನೂ ಹೊತ್ತುಕೊಂಡು, ಒಳಗೆ ಬಿಡದ ಕಾರ್ಖಾನೆಗೆ ನುಗ್ಗಬೇಕು. ಅದಕ್ಕೆ ಅವನು ವೇಷ ಕಟ್ಟಿದ. ಒಂದು ಕಡೆ ಬೈಬಲ್ ಮಾರುವವನು, ಇನ್ನೊಂದು ಕಡೆ ಪೋಸ್ಟ್‌ಕಾರ್ಡ್ ವ್ಯಾಪಾರಿ, ಮತ್ತೊಂದು ಕಡೆ ಯಂತ್ರಗಳ ಚಿತ್ರ ತೆಗೆಯಲು ಬಂದ ಫೋಟೊದವನು. ಯಂತ್ರ ಎಷ್ಟು ದೊಡ್ಡದು ಅಂತ ತೋರಿಸೋಕೆ ಪಕ್ಕದಲ್ಲೊಂದು ಮಗುವನ್ನು ನಿಲ್ಲಿಸಲೇ ಅಂತ ಕೇಳಿ ಮಗುವನ್ನೇ ತೆಗೆದುಬಿಡುತ್ತಿದ್ದ. ಒಳಗೆ ಬಿಡದಿದ್ದರೆ ಪಾಳಿ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಕಾಯುತ್ತಿದ್ದ. ಮೇಸ್ತ್ರಿಗಳು, ಕಾವಲಿನವರು ಬೆದರಿಸಿದ್ದೂ ಉಂಟು.

ಇನ್ನು ಲೆಕ್ಕದ ವಿಷಯ. ತನ್ನ ಕೋಟಿನ ಯಾವ ಗುಂಡಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಮೊದಲೇ ಅಳೆದುಕೊಂಡಿರುತ್ತಿದ್ದ. ಮಗು ಪಕ್ಕದಲ್ಲಿ ನಿಂತರೆ ತಲೆ ಯಾವ ಗುಂಡಿಗೆ ಬಂತು ನೋಡಿ ಎತ್ತರ ತಿಳಿದುಕೊಳ್ಳುತ್ತಿದ್ದ. ಕೈಯನ್ನು ಜೇಬಿನೊಳಗಿಟ್ಟುಕೊಂಡೇ ಕಾಗದದ ಚೂರಿನ ಮೇಲೆ ಗೀಚಿಕೊಳ್ಳುತ್ತಿದ್ದ. ಹೆಸರು, ವಯಸ್ಸು, ಎಷ್ಟು ದಿನದಿಂದ ಕೆಲಸ, ದಿನಗೂಲಿ ಎಷ್ಟು, ಹಗಲೋ ರಾತ್ರಿಯೋ, ಶಾಲೆಗೆ ಹೋಗಿತ್ತೋ ಇಲ್ಲವೋ.

1908ರ ಡಿಸೆಂಬರಿನಲ್ಲಿ ನಾರ್ತ್ ಕೆರೊಲಿನಾದ ವಿಟ್ನೆಲ್ ಎಂಬಲ್ಲಿ ಒಂದು ಹತ್ತಿ ಮಿಲ್ಲಿನ ಹುಡುಗಿಯ ಚಿತ್ರ ತೆಗೆದ. ಎತ್ತರ 51 ಇಂಚು, ಅಂದರೆ ನಾಲ್ಕಡಿ ಮೂರಿಂಚು. ಮಿಲ್ಲಿಗೆ ಬಂದು ಒಂದು ವರ್ಷ. ಕೆಲವು ಸಲ ರಾತ್ರಿ ಪಾಳಿ. ದಿನಕ್ಕೆ 48 ಸೆಂಟ್ ಕೂಲಿ. ವಯಸ್ಸು ಕೇಳಿದಾಗ ತಡವರಿಸಿ ನೆನಪಿಲ್ಲ ಎಂದಳು, ಆಮೇಲೆ ಗುಟ್ಟಾಗಿ ಕೆಲಸಕ್ಕೆ ಬೇಕಾದಷ್ಟು ವಯಸ್ಸು ತನಗಾಗಿಲ್ಲ ಅಂತ ಒಪ್ಪಿಕೊಂಡಳು ಅನ್ನೋದನ್ನೂ ಹೈನ್ ಬರೆದಿಟ್ಟ. ಅಲ್ಲಿದ್ದ 50 ಕೆಲಸಗಾರರಲ್ಲಿ ಹತ್ತು ಮಕ್ಕಳು ಅವಳಷ್ಟೇ ಗಾತ್ರದವರು ಅನ್ನೋ ಲೆಕ್ಕವೂ ಇದೆ. ಚಿತ್ರ ನೋಡಿ ಅಯ್ಯೋ ಪಾಪ ಅನ್ನಬಹುದು. ಆದರೆ ಮಿಲ್ಲಿನ ಮಾಲೀಕನಿಗೆ ನಿದ್ದೆ ಕೆಡಿಸಿದ್ದು 48 ಸೆಂಟ್ ಮತ್ತು 51 ಇಂಚು ಅನ್ನೋ ಈ ಎರಡು ಅಂಕಿ. ಕನಿಕರಕ್ಕೆ ವಾಯಿದೆ ಹೇಳಬಹುದು, ಅಂಕಿಗೆ ಉತ್ತರ ಕೊಡಬೇಕಾಗುತ್ತೆ.

1911ರ ಜನವರಿಯಲ್ಲಿ ಪೆನ್ಸಿಲ್ವೇನಿಯಾದ ಪಿಟ್ಸ್‌ಟನ್‌ನಲ್ಲಿ ತೆಗೆದ ಗಣಿ ಹುಡುಗರ ಚಿತ್ರಗಳೂ ಹೀಗೇ. ಜಾರುಹಲಗೆ ಮೇಲೆ ಉರುಳಿ ಬರುವ ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಕೆಲಸ. ಬೆನ್ನು ಬಾಗಿಸಿ ಸಾಲಾಗಿ ಕೂತ ಹುಡುಗರು, ಕಿಟಕಿಯ ಬೆಳಕೂ ತೂರದಷ್ಟು ದೂಳು. ಆ ದೂಳು ಮಕ್ಕಳ ಎದೆಗೂಡಿನೊಳಗೆ ಹೋಗಿ ಕೂರುತ್ತಿತ್ತು ಅಂತ ಹೈನ್ ದಾಖಲಿಸಿದ.

ಇದೆಲ್ಲ ದೂರದ ಅಮೆರಿಕದ ಹಳೇ ಕಥೆ ಅಂದುಕೊಳ್ಳಬೇಡಿ. ಮಂಡ್ಯದ ಪಕ್ಕದ ರಾಮನಗರ, ಮಾಗಡಿಗಳ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಮಕ್ಕಳು ಕುದಿನೀರಿಗೆ ಕೈ ಅದ್ದಿ ದುಡಿಯುತ್ತಿದ್ದುದು ಈ ಶತಮಾನದ ಮೊದಲ ವರ್ಷಗಳಲ್ಲೂ ದಾಖಲಾಗಿದೆ. ಮನೆಯ ಸಾಲಕ್ಕೆ ಜೀತವಾಗಿ ಹೋದ ಮಕ್ಕಳು. ನಮ್ಮಲ್ಲಿ 1986ರ ಬಾಲಕಾರ್ಮಿಕ ಕಾಯ್ದೆ ಇತ್ತು, ಆದರೂ ನಡೆಯಿತು. 2016ರ ತಿದ್ದುಪಡಿಯಂತೂ ಶಾಲೆ ಬಿಟ್ಟ ಹೊತ್ತಿನಲ್ಲಿ, ರಜೆಯಲ್ಲಿ ಮಕ್ಕಳು ಕುಟುಂಬದ ಉದ್ಯಮಕ್ಕೆ ನೆರವಾಗಬಹುದು ಅಂತ ಬಾಗಿಲನ್ನು ಅರ್ಧ ತೆರೆದಿಟ್ಟಿದೆ. ನೂರು ವರ್ಷದ ಹಿಂದಿನ ಮಾಲೀಕರೂ ಮನೆಯವರಿಗೆ ನೆರವು ಅಂತಲೇ ಹೇಳುತ್ತಿದ್ದರು.

ಕಪ್ಪು-ಬಿಳುಪು ಅವನ ಆಯ್ಕೆಯಲ್ಲ

ಹೈನ್ ಯಾಕೆ ಕಪ್ಪು-ಬಿಳುಪಿನಲ್ಲಿ ತೆಗೆದ? ಬೇರೆ ದಾರಿ ಇರಲಿಲ್ಲ, ಅಷ್ಟೇ. ಫ್ರಾನ್ಸಿನ ಲೂಮಿಯೇರ್ ಸಹೋದರರ ಬಣ್ಣದ ಪ್ಲೇಟು 1907ರಲ್ಲೇ ಮಾರುಕಟ್ಟೆಗೆ ಬಂದಿತ್ತು ನಿಜ. ಆದರೆ ಅದಕ್ಕೆ ತುಂಬಾ ಹೊತ್ತು ಬೆಳಕು ಬೇಕಿತ್ತು. ಅರೆಗತ್ತಲ ಮಿಲ್ಲಿನಲ್ಲಿ, ಮೇಸ್ತ್ರಿ ಬರುವ ಮೊದಲು ಮುಗಿಸಬೇಕಾದ ಕೆಲಸಕ್ಕೆ ಅದು ಒದಗುವಂಥದ್ದಲ್ಲ. ಗಾಜಿನ ಮೇಲೆ ಬಳಿದ ಬೆಳ್ಳಿಯ ಲವಣ ಬೆಳಕು ಎಷ್ಟು ಬಿತ್ತು ಅನ್ನೋದನ್ನು ಮಾತ್ರ ಹಿಡಿಯುತ್ತಿತ್ತು, ಬಣ್ಣವನ್ನಲ್ಲ. ಆ ಕಾಲದಲ್ಲಿ ಹೆಚ್ಚು ಬಳಕೆಯಲ್ಲಿದ್ದ ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣಿಸುತ್ತಲೇ ಇರಲಿಲ್ಲ. ಕೆಂಪೆಲ್ಲ ಕಪ್ಪಾಗಿ ಬೀಳುತ್ತಿತ್ತು.

ಅವನ ಕಾಲದಲ್ಲಿ ಕಪ್ಪು-ಬಿಳುಪು ಅಂದರೆ ಇವತ್ತಿನ ಸುದ್ದಿ, ನಿನ್ನೆ ತೆಗೆದ ಚಿತ್ರ. ನಮ್ಮ ಕಾಲದಲ್ಲಿ ಕಪ್ಪು-ಬಿಳುಪು ಅಂದರೆ ಹಳೆಯದು, ಮುಗಿದುಹೋದದ್ದು. ವ್ಯತ್ಯಾಸ ಇಲ್ಲಿದೆ ನೋಡಿ. ಮಳವಳ್ಳಿಯ ಒಬ್ಬ ಹೆಣ್ಣುಮಗಳು ಈ ತಿಂಗಳು ಪಡುತ್ತಿರುವ ಪಾಡನ್ನು ನಾವು ಬಣ್ಣ ತೆಗೆದು ತೋರಿಸಿದಾಗ ಅದು ಈ ತಿಂಗಳಿನದ್ದು ಅನ್ನಿಸೋದೇ ಇಲ್ಲ. ಯಾವುದೋ ಕಾಲದ, ಯಾವುದೋ ಊರಿನ, ಯಾವತ್ತೂ ಇರುವ ಬಡತನ ಅನ್ನಿಸುತ್ತೆ. ಯಾವತ್ತೂ ಇರುವುದಕ್ಕೆ ಯಾರೂ ಹೊಣೆಗಾರರಲ್ಲ. ಸಂಬಳ ಕಟ್ ಮಾಡಿದವನೂ ಅಲ್ಲ, ಕಾನೂನು ತಿದ್ದಿದವನೂ ಅಲ್ಲ.

ಫೋನಿನ ಎಡಿಟಿಂಗ್‌ನಲ್ಲಿ ಇನ್ನೂ ಒಂದು ಇದೆ. ಕಪ್ಪು-ಬಿಳುಪು ಮಾಡಿದ ಮೇಲೂ ಕೆಂಪು, ಕಿತ್ತಳೆಯ ಗುಂಡಿಗಳನ್ನು ಎಳೆದಾಡಿದರೆ ಮೈಬಣ್ಣ ಇನ್ನಷ್ಟು ಕಪ್ಪಾಗುತ್ತೆ, ಸುಕ್ಕು ಇನ್ನಷ್ಟು ಆಳವಾಗುತ್ತೆ. ನಮ್ಮ ಮದುವೆ ಫೋಟೊದಲ್ಲಿ ಅದೇ ಗುಂಡಿಯನ್ನು ಉಲ್ಟಾ ಎಳೆದು ಬೆಳ್ಳಗಾಗುತ್ತೇವೆ. ಕಬ್ಬು ಕಡಿಯುವವರ, ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತವರ ಫೋಟೊಗೆ ಮಾತ್ರ ಈ ಕಡೆ ಎಳೆಯುತ್ತೇವೆ. ಯಾರನ್ನು ಹೇಗೆ ತೋರಿಸಬೇಕು ಅನ್ನೋದನ್ನು ನಮ್ಮ ಬೆರಳಿಗೆ ಜಾತಿ ಮೊದಲೇ ಕಲಿಸಿಕೊಟ್ಟಿರುತ್ತೆ.

ಹೈನ್ ಕೂಡ ತಿದ್ದಿದ

ಹಾಗಂತ ಹೈನ್ ಚಿತ್ರವನ್ನು ಮುಟ್ಟದ ಸಂತನೇನಲ್ಲ. 1913ರಲ್ಲಿ ಹತ್ತಿ ಮಿಲ್ಲಿನ ಬೇರೆ ಬೇರೆ ಮಕ್ಕಳ ಮುಖಗಳನ್ನು ಒಂದರ ಮೇಲೊಂದು ಮುದ್ರಿಸಿ ಒಂದೇ ಮುಖ ಮಾಡಿದ. ದುಡಿಮೆ ಮಕ್ಕಳ ಮುಖವನ್ನು ಏನು ಮಾಡುತ್ತೆ ಅಂತ ಒಂದೇ ಏಟಿಗೆ ತೋರಿಸುವ ಆಸೆ. ಆ ಚಿತ್ರದಲ್ಲಿ ಮಬ್ಬುಗಣ್ಣಿನ ಒಂದು ಮಗುವಿದೆ. ಅದು ಯಾರೂ ಅಲ್ಲ. ಈ ವಿಧಾನ ಅದಾಗಲೇ ಇದ್ದದ್ದು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅಪರಾಧಿಗಳ ಮುಖವನ್ನು ಹೀಗೆ ಬೆರೆಸಿ ಹುಟ್ಟಾ ಅಪರಾಧಿಯ ಮುಖ ಹುಡುಕಲು ಹೊರಟಿದ್ದ. ಮೇಲು ತಳಿ, ಕೀಳು ತಳಿ ಎಂಬ ವಿಷಕ್ಕೆ ವಿಜ್ಞಾನದ ಹೆಸರು ಕೊಟ್ಟವನು ಅವನೇ. ಹೈನ್‌ನ ಉದ್ದೇಶ ಒಳ್ಳೆಯದಿತ್ತು, ಆದರೆ ಸಲಕರಣೆ ಅದೇ. ಹೆಸರು, ಎತ್ತರ, ಕೂಲಿ ಬರೆದಿಟ್ಟ ಮನುಷ್ಯನೇ ಇಲ್ಲಿ ಹೆಸರನ್ನು ಅಳಿಸಿದ್ದ.

ಇನ್ನೊಂದು ಸತ್ಯ. ದಕ್ಷಿಣದ ಹತ್ತಿ ಮಿಲ್ಲುಗಳು ನೂಲುವ, ನೇಯುವ ಕೆಲಸಕ್ಕೆ ಕಪ್ಪು ಜನರನ್ನು ಹೆಚ್ಚುಕಡಿಮೆ ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಮಿಲ್ಲಿನ ಚಿತ್ರಗಳಲ್ಲಿರೋದು ಬಹುತೇಕ ಬಿಳಿ ಮಕ್ಕಳು. ಬಿಳಿಯರ ಸಂತತಿ ಸೊರಗಿಹೋಗುತ್ತೆ ಎಂಬ ಭಯವೂ ಆ ಚಳವಳಿಯ ಭಾಷಣಗಳಲ್ಲಿತ್ತು. ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಕಪ್ಪು ಮಕ್ಕಳನ್ನೂ ಹೈನ್ ಅಲ್ಲಲ್ಲಿ ತೆಗೆದಿದ್ದಾನೆ. ಆದರೆ ಮುಂದೆ ಬಂದ ಕಾನೂನುಗಳು ಹೊಲದ ಕೆಲಸವನ್ನು ಹೊರಗಿಟ್ಟವು. ಚೌಕಟ್ಟಿನೊಳಗೆ ಯಾರು ಬರುತ್ತಾರೋ ಅವರಿಗೆ ಕಾನೂನು ಬರುತ್ತೆ. ಹೊರಗುಳಿದವರು ಕಾಯಬೇಕು.

ಗೆಲುವು, ಸೋಲು, ಮತ್ತೆ ಗೆಲುವು

ಹೈನ್‌ನ ಚಿತ್ರಗಳು ಪೋಸ್ಟರ್ ಆದವು, ಕರಪತ್ರ ಆದವು, ಊರೂರಿನ ಪ್ರದರ್ಶನಗಳಲ್ಲಿ ನಿಂತವು. ಸಂಘಟನೆಗಳು ಅವನ್ನು ಹಿಡಿದು ಶಾಸಕರ ಮುಂದೆ ಹೋದವು. 1912ರಲ್ಲಿ ಮಕ್ಕಳ ವ್ಯವಹಾರ ನೋಡಿಕೊಳ್ಳಲು ಸರ್ಕಾರದಲ್ಲಿ ಒಂದು ಇಲಾಖೆ ಹುಟ್ಟಿತು. 1916ರಲ್ಲಿ ಕೀಟಿಂಗ್-ಓವೆನ್ ಕಾಯ್ದೆ ಬಂತು. 14 ವರ್ಷದೊಳಗಿನವರನ್ನು ದುಡಿಸಿದ ಕಾರ್ಖಾನೆಯ ಸರಕು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವಂತಿಲ್ಲ ಅಂದಿತು. ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ, 1918ರಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಿಂದ ಅದನ್ನು ರದ್ದು ಮಾಡಿತು. ತಮ್ಮ ಮಕ್ಕಳನ್ನು ಮಿಲ್ಲಿಗೆ ಕಳಿಸುವ ಹಕ್ಕು ಬೇಕೆಂದು ಕೇಸು ಹಾಕಿದವರು ನಾರ್ತ್ ಕೆರೊಲಿನಾದ ಮಿಲ್ ಕಾರ್ಮಿಕನಾಗಿದ್ದ ಒಬ್ಬ ಅಪ್ಪ. ಬಡವರ ಬಾಯಲ್ಲೇ ಬಡವರ ವಿರುದ್ಧದ ವಾದ ಹೇಳಿಸೋದು ಹೊಸ ವಿದ್ಯೆಯೇನಲ್ಲ.

ಕೊನೆಗೆ ಫೆಡರಲ್ ಕಾನೂನು ಗಟ್ಟಿಯಾಗಿ ನಿಂತದ್ದು 1938ರಲ್ಲಿ, ನಮ್ಮ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದ ವರ್ಷ. ವಿಟ್ನೆಲ್‌ನ ಹುಡುಗಿಯ ಚಿತ್ರ ತೆಗೆದು ಆಗ 30 ವರ್ಷವಾಗಿತ್ತು. ಒಂದು ಫೋಟೊ ಜಗತ್ತನ್ನು ಬದಲಾಯಿಸಿತು ಅಂತ ಹೇಳೋರು ಈ 30 ವರ್ಷವನ್ನು ಬಿಟ್ಟು ಹೇಳುತ್ತಾರೆ. ಬದಲಾಯಿಸಿದ್ದು ಸಂಘಟನೆ, ಮುಷ್ಕರ, ಕೋರ್ಟು, ಚುನಾವಣೆ. ಫೋಟೊ ಅವರ ಕೈಯಲ್ಲಿದ್ದ ಕಾಗದಪತ್ರ.

ಮೊದಲ ಮಹಾಯುದ್ಧದ ಕೊನೆಗೆ ಹೈನ್ ರೆಡ್‌ಕ್ರಾಸ್ ಜೊತೆ ಯುರೋಪಿಗೆ ಹೋಗಿ ನಿರಾಶ್ರಿತರ ಚಿತ್ರ ತೆಗೆದ. ವಾಪಸಾದ ಮೇಲೆ ದಾರಿ ಬದಲಿಸಿದ. ದುಡಿಮೆಯ ಕೇಡನ್ನು ತೋರಿಸಿದ್ದಾಯಿತು, ಇನ್ನು ದುಡಿಯುವವರ ಘನತೆ ತೋರಿಸಬೇಕು ಅನ್ನಿಸಿತು. 1920ರಲ್ಲಿ ತೆಗೆದ ಪವರ್‌ಹೌಸ್ ಮೆಕ್ಯಾನಿಕ್ ಚಿತ್ರ ಬಹಳ ಪ್ರಸಿದ್ಧ. ದುಂಡನೆಯ ಯಂತ್ರದ ಮುಂದೆ ಬೆನ್ನು ಬಾಗಿಸಿ, ದೊಡ್ಡ ಸ್ಪ್ಯಾನರ್ ಹಿಡಿದು ನಟ್ಟು ಬಿಗಿಯುತ್ತಿರುವ ಆಳು. ಅದು ಹೇಳಿ ನಿಲ್ಲಿಸಿ ತೆಗೆದ ಚಿತ್ರ. ಹೈನ್‌ಗೆ ಬೇಕಿದ್ದದ್ದು ಯಂತ್ರ ಓಡುವುದು ಮನುಷ್ಯನಿಂದ ಅನ್ನೋ ಮಾತು.

ಪವರ್‌ಹೌಸ್ ಅಂದಾಗ ಮಳವಳ್ಳಿ ಸೀಮೆಯವರಿಗೆ ಶಿವನಸಮುದ್ರ ನೆನಪಾಗದೆ ಇರುತ್ತದೆಯೇ? 1902ರಲ್ಲೇ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ದಿವಾನ್ ಶೇಷಾದ್ರಿ ಅಯ್ಯರ್ ಹೆಸರು ಶಾಲೆಯಲ್ಲಿ ಕಲಿತಿದ್ದೇವೆ, ಕಲಿಯಬೇಕಾದ್ದೇ. ಆದರೆ ಆ ಕಣಿವೆಗೆ ಪೈಪು ಇಳಿಸಿದವರ, ತಂತಿ ಎಳೆಯಲು ಕಂಬ ನೆಟ್ಟವರ ಒಂದು ಹೆಸರನ್ನಾದರೂ ನಮಗೆ ಯಾರೂ ಹೇಳಿಕೊಡಲಿಲ್ಲ. ಮಂಡ್ಯದ ಮೈಷುಗರ್ ಕಥೆಯೂ ಅಷ್ಟೇ. ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಹೆಸರು ಉಳಿದಿದೆ, ಕುದಿಯುವ ಹಾಲಿನ ಮುಂದೆ ಬೆಂದವರ ಹೆಸರು ಅವರವರ ಮನೆಯಲ್ಲಷ್ಟೇ ಉಳಿದಿದೆ.

ಮೈಷುಗರ್ ಕಂಪನಿ ಹುಟ್ಟುವ ಮೂರು ವರ್ಷ ಮೊದಲು, 1930ರಲ್ಲಿ, 56 ವರ್ಷದ ಹೈನ್ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ತೊಲೆಗಳನ್ನು ಹತ್ತಿದ. ಬೀದಿಯಿಂದ ನೂರಾರು ಅಡಿ ಮೇಲೆ ಬುಟ್ಟಿಯಂಥದ್ದರಲ್ಲಿ ನೇತಾಡಿಕೊಂಡು ಕಾರ್ಮಿಕರ ಚಿತ್ರ ತೆಗೆದ. ಆ ಚಿತ್ರಗಳನ್ನೂ ಸೇರಿಸಿ 1932ರಲ್ಲಿ ಮೆನ್ ಅಟ್ ವರ್ಕ್ ಪುಸ್ತಕ ಬಂತು. ಅದನ್ನು ಅವನು ಮಾಡಿದ್ದು ಮಕ್ಕಳಿಗಾಗಿ. ಮೇಷ್ಟ್ರು ಮೇಷ್ಟ್ರಾಗಿಯೇ ಉಳಿದಿದ್ದ.

ಕಡೆಗಾಲ

ಕಾರ್ಮಿಕರ ಬಡತನವನ್ನು ದಾಖಲಿಸಿದವನ ಕಡೆಗಾಲ ಬಡತನದಲ್ಲೇ ಕಳೆಯಿತು. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ಅಮೆರಿಕ ಸರ್ಕಾರ ಗ್ರಾಮೀಣ ಬಡತನ ದಾಖಲಿಸಲು ಛಾಯಾಗ್ರಾಹಕರ ದೊಡ್ಡ ಪಡೆ ಕಟ್ಟಿತು. ಹೈನ್ ಕೆಲಸ ಕೇಳಿ ಮೇಲಿಂದ ಮೇಲೆ ಬರೆದ. ಅದರ ಮುಖ್ಯಸ್ಥ ರಾಯ್ ಸ್ಟ್ರೈಕರ್ ಸೇರಿಸಿಕೊಳ್ಳಲಿಲ್ಲ. ಹೈನ್ ಹಳಬ, ತನ್ನ ನೆಗೆಟಿವ್‌ಗಳ ಮೇಲಿನ ಹಿಡಿತ ಬಿಡದ ಹಟಮಾರಿ ಅನ್ನೋ ಅಭಿಪ್ರಾಯ ಇತ್ತು. ಅವನೇ ಹಾಕಿದ ದಾರಿಯಲ್ಲಿ ಬೇರೆಯವರು ನಡೆದರು, ಅವನಿಗೆ ಜಾಗ ಸಿಗಲಿಲ್ಲ.

1939ರ ಆರಂಭದಲ್ಲಿ ಕೆಲವು ಕಿರಿಯರು ಅವನನ್ನು ಹುಡುಕಿ ನ್ಯೂಯಾರ್ಕಿನಲ್ಲಿ ಒಂದು ಪ್ರದರ್ಶನ ಏರ್ಪಡಿಸಿದರು. ಹೊಗಳಿಕೆ ಬಂತು, ಕೆಲಸ ಬರಲಿಲ್ಲ. ಸಾಲ ತೀರದೆ ಮನೆ ಕೈಬಿಟ್ಟಿತು. ಅದೇ ವರ್ಷ ಹೆಂಡತಿ ಸಾರಾ ತೀರಿಕೊಂಡರು. 1940ರ ನವೆಂಬರ್ 3ರಂದು, ಶಸ್ತ್ರಚಿಕಿತ್ಸೆಯ ನಂತರ, 66ನೇ ವಯಸ್ಸಿನಲ್ಲಿ ಹೈನ್ ಸತ್ತ. ಅವನ ನೆಗೆಟಿವ್‌ಗಳು ಮಗನ ಮೂಲಕ ಫೋಟೊ ಲೀಗ್ ಎಂಬ ಎಡಪಂಥೀಯ ಛಾಯಾಗ್ರಾಹಕರ ಸಂಘಕ್ಕೆ ಹೋದವು. 1947ರಲ್ಲಿ ಸರ್ಕಾರ ಆ ಸಂಘವನ್ನೇ ದೇಶದ್ರೋಹಿಗಳ ಪಟ್ಟಿಗೆ ಸೇರಿಸಿತು, 1951ರಲ್ಲಿ ಅದು ಮುಚ್ಚಿತು. ಆಧುನಿಕ ಕಲೆಯ ದೊಡ್ಡ ಮ್ಯೂಸಿಯಂ ಒಂದು ಅವನ ಸಂಗ್ರಹ ಬೇಡ ಅಂದಿತು, ಕಡೆಗೆ ಜಾರ್ಜ್ ಈಸ್ಟ್‌ಮನ್ ಹೌಸ್ ತಗೊಂಡಿತು. ಬಾಲಕಾರ್ಮಿಕರ ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಅಡಿಬರಹಗಳ ಸಮೇತ ಯಾರು ಬೇಕಾದರೂ ಪುಕ್ಕಟೆ ನೋಡಬಹುದು.

ಆ ಅಡಿಬರಹ ಇದ್ದುದರಿಂದಲೇ ಇನ್ನೊಂದು ಕಥೆ ಸಾಧ್ಯವಾಯಿತು. 1910ರ ಆಗಸ್ಟಿನಲ್ಲಿ ವರ್ಮಾಂಟ್ ರಾಜ್ಯದ ಮಿಲ್ಲೊಂದರಲ್ಲಿ ಹೈನ್ 12 ವರ್ಷದ ಆ್ಯಡಿ ಕಾರ್ಡ್ ಎಂಬ ಹುಡುಗಿಯ ಚಿತ್ರ ತೆಗೆದಿದ್ದ. ಬರಿಗಾಲು, ಮಾಸಿದ ಅಂಗಿ, ಯಂತ್ರದ ಮೇಲೆ ಒಂದು ಕೈ. 1998ರಲ್ಲಿ ಆ ಚಿತ್ರ ಅಮೆರಿಕದ ಅಂಚೆಚೀಟಿಯಾಯಿತು. ಅಡ್ಡಹೆಸರು ತಪ್ಪಾಗಿ ದಾಖಲಾಗಿ ಅವಳು ಯಾರು ಅನ್ನೋದೇ ಕಳೆದುಹೋಗಿತ್ತು. ಲೇಖಕಿ ಎಲಿಜಬೆತ್ ವಿಂತ್ರಾಪ್ ಮತ್ತು ಸಂಶೋಧಕ ಜೋ ಮ್ಯಾನಿಂಗ್ ಹಳೇ ಕಡತಗಳನ್ನು ತಿರುವಿಹಾಕಿ ಪತ್ತೆ ಹಚ್ಚಿದರು. ಆ್ಯಡಿ ತೊಂಬತ್ತು ದಾಟಿ ಬದುಕಿದ್ದು 1993ರಲ್ಲಿ ತೀರಿಕೊಂಡಿದ್ದಳು. ತನ್ನ ಮುಖ ದೇಶಕ್ಕೆಲ್ಲ ಪರಿಚಯ ಅನ್ನೋದು ಅವಳಿಗೆ ತಿಳಿಯಲೇ ಇಲ್ಲ. ಜೋ ಮ್ಯಾನಿಂಗ್ ಮುಂದೆ ಹೈನ್‌ನ ಚಿತ್ರದ ನೂರಾರು ಮಕ್ಕಳ ಕುಟುಂಬಗಳನ್ನು ಹುಡುಕಿದರು. ಒಂದು ಅಕ್ಷರ ತಪ್ಪಿದ್ದಕ್ಕೆ ಒಬ್ಬಳು ಇಷ್ಟು ವರ್ಷ ಕಳೆದುಹೋದಳು. ಹೆಸರನ್ನೇ ಬರೆಯದಿದ್ದರೆ?

ನಮ್ಮ ಚೀಟಿ

2020ರ ಜೂನ್‌ನಲ್ಲಿ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಕಾರ್ಖಾನೆಯೊಂದು ಸುಮಾರು 1,200 ಮಂದಿಯನ್ನು ಹೊರಗೆ ಹಾಕಿದಾಗ ಹೆಣ್ಣುಮಕ್ಕಳು ವಾರಗಟ್ಟಲೆ ಧರಣಿ ಕೂತರು. ಆ ಸುದ್ದಿ ವಿದೇಶದ ಬ್ರ್ಯಾಂಡುಗಳ ತನಕ ಹೋಯಿತು. ಕಾರಣ ಅಲ್ಲಿ ಸಂಘ ಇತ್ತು, ತಾರೀಖು ಇತ್ತು, 1,200 ಅನ್ನೋ ಅಂಕಿ ಇತ್ತು, ಯಾರ ಬಟ್ಟೆ ಹೊಲಿಯುತ್ತಿದ್ದರು ಅನ್ನೋ ಮಾಹಿತಿ ಇತ್ತು. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನದ ಕೆಲಸವನ್ನು 12 ಗಂಟೆವರೆಗೆ ಚಾಚಲು ದಾರಿ ಮಾಡಿತು. ಹೈನ್ ಹುಡುಗನಾಗಿ ದುಡಿದದ್ದು 13 ಗಂಟೆ. ನಡುವೆ ನೂರು ವರ್ಷ ದಾಟಿದೆ, ಉಳಿದಿರೋದು ಒಂದು ಗಂಟೆಯ ವ್ಯತ್ಯಾಸ. ಇಂಥ ಕಾಲದಲ್ಲಿ ಕಾರ್ಮಿಕರ ಫೋಟೊ ಅಂದಕ್ಕಲ್ಲ, ಸಾಕ್ಷಿಗೆ ಬೇಕು.

ಆದರೆ ಹೈನ್‌ಗೂ ನಮಗೂ ಒಂದು ವ್ಯತ್ಯಾಸ ಇದೆ. ಅವನ ಕಾಲದಲ್ಲಿ ಹೆಸರು ಬರೆದ ಚೀಟಿ ಸಮಿತಿಯ ಕಡತಕ್ಕೆ ಹೋಗುತ್ತಿತ್ತು. ನಮ್ಮ ಕಾಲದಲ್ಲಿ ಹೆಸರು, ಮುಖ, ಐಡಿ ಕಾರ್ಡ್ ಮೂರೂ ಸೂಪರ್‌ವೈಸರ್ ಫೋನಿಗೆ ಹತ್ತು ನಿಮಿಷದಲ್ಲಿ ತಲುಪುತ್ತೆ. ಕೆಲಸ ಹೋಗೋದು ಫೋಟೊ ತೆಗೆದವರದ್ದಲ್ಲ. ಹಾಗಾಗಿ ಏನನ್ನು ಬರೆಯಬೇಕು ಅಂತ ತೀರ್ಮಾನಿಸಬೇಕಾದವರು ಚಿತ್ರದಲ್ಲಿರುವವರು. ಮುಖ ಬೇಡ ಅಂದರೆ ಕೈಗಳನ್ನು ತೆಗೆಯಬಹುದು. ಹೆಸರು ಬೇಡ ಅಂದರೆ ತಾಲ್ಲೂಕು, ತಾರೀಖು, ಎಷ್ಟು ಗಂಟೆ ಕೆಲಸ, ಕೈಗೆ ಎಷ್ಟು ಬರುತ್ತೆ, ಓಟಿ ಕೊಡ್ತಾರಾ ಇಲ್ವಾ ಅಂತ ಬರೆಯಬಹುದು. ಇಷ್ಟು ಕೇಳೋಕೆ ಅವರ ಜೊತೆ ಅರ್ಧ ಗಂಟೆ ಕೂರಬೇಕಾಗುತ್ತೆ. ಹೈನ್ ಕೂತಿದ್ದ.

ನಾನು ಆಮೇಲೊಂದು ದಿನ ಆ ಅಕ್ಕನ ಮನೆಗೆ ಹೋಗಿದ್ದೆ. ಈ ಸಲ ಕೇಳಿ ತೆಗೆದೆ. ಕೊರಳಿನ ಕಾರ್ಡ್ ತೆಗೆದಿಟ್ಟು, ಹೂ ಮುಡಿದು, ಮನೆ ಜಗಲಿ ಮೇಲೆ ಕೂತರು. ಚೀಟಿಯಲ್ಲಿ ಏನೇನು ಬರೆಯಬೇಕು ಅಂತ ಅವರೇ ಹೇಳಿದರು. ಸಂಬಳ, ವ್ಯಾನಿನ ಬಾಡಿಗೆ, ಪಿಎಫ್ ಹಿಡಿಯುವ ಮೊತ್ತ, ಮನೆ ಬಿಡುವ ಹೊತ್ತು, ಮನೆ ಸೇರುವ ಹೊತ್ತು. ಹೆಸರು ಈಗಲೇ ಬೇಡ, ಕೆಲಸ ಬಿಟ್ಟ ದಿನ ಹಾಕು ಅಂದರು. ಫೋಟೊ ಮತ್ತು ಚೀಟಿ ಎರಡೂ ನನ್ನ ಹತ್ತಿರ ಜೋಪಾನವಾಗಿವೆ. ಕನಕಾಂಬರದ ಬಣ್ಣ ಹಾಗೇ ಇದೆ.